ಗರಗಸ ಓಡುತ್ತಿತ್ತು

ಅವನು ಹಾಸಿಗೆಯಿಂದ ಎದ್ದಾಗ ಅವನ ಕಥೆಯೊಳಗಿನ ಗರಗಸದ ಚಕ್ರ ನಿಮಿಷಕ್ಕೆ ಮೂರು ಸಾವಿರ ಸುತ್ತು ಸುತ್ತುತ್ತಿತ್ತು. ಹಲ್ಲುಜ್ಜಿ ಮುಗಿಸುವಷ್ಟರಲ್ಲಿ ನಾಲ್ಕು ಸಾವಿರವಾಯಿತು. ಎಡಗೆನ್ನೆಯ ಕ್ಷೌರ ಮುಗಿದು ಬಲಗೆನ್ನೆಗೆ ಬರುವ ಹೊತ್ತಿಗೆ ಅದರ ಗಾಳಿಗೆ ಹುಡುಗಿಯ ಮುಂಗೂದಲು ಹಾರಾಡುತ್ತಿತ್ತು, ಅವಳ ಬೆರಳಿಗೂ ಚಕ್ರದ ಹಲ್ಲಿಗೂ ನಡುವೆ ಒಂದು ಸಾಸಿವೆ ಕಾಳು ತೂರುವಷ್ಟು ಜಾಗ ಮಾತ್ರ ಉಳಿದಿತ್ತು. ಕನ್ನಡಿಯೊಳಗಿನ ಮುಖ ಇದನ್ನು ನಂಬಿತು. ಒಳ್ಳೆಯ ಮುಖ ಅದು, ದುಂಡಗಿನದು, ನೋಡಿದ ತಾಯಂದಿರು ಹಿಂದೆಮುಂದೆ ನೋಡದೆ ಕೂಸನ್ನು ಕೈಗೆ ಕೊಟ್ಟುಬಿಡುವಂಥದು. ಹನ್ನೊಂದು ದಿನಗಳಿಂದ ಅವನು ಈ ಕಥೆ ಹೇಳುತ್ತ ಬಂದಿದ್ದ. ಮೊದಲ ದಿನ ಅದು ಬಡಕಲಾಗಿತ್ತು: ಗರಗಸ ಓಡುತ್ತಿತ್ತು, ಹುಡುಗಿ ಕೈ ಹಾಕಿದಳು, ನನ್ನ ಕೈಯಲ್ಲಿ ಮರದ ಕೊಡತಿ ಇತ್ತು, ಹೊಡೆದೆ, ಬೆರಳು ಮುರಿದರೂ ಕೈ ಉಳಿಯಿತು. ಮೂರನೆಯ ದಿನಕ್ಕೆ ಮೈಕೈ ತುಂಬಿಕೊಂಡಿತು. ಈಗಂತೂ ಮೇಯಿಸಿ ಸಾಕಿದ ಹೋತದ ಹಾಗೆ ಕೊಬ್ಬಿ, ಬಾಗಿಲಲ್ಲಿ ತೂರದಷ್ಟು ದಪ್ಪವಾಗಿತ್ತು. ರೇಜರು ಗಲ್ಲದ ಕೆಳಗೆ ಚರಕ್ಕೆಂದಿತು. ಸೋಪಿನ ನೊರೆ ಕೆಂಪಗಾಯಿತು. ಅವನು ಅದನ್ನು ನೋಡುತ್ತ ನಿಂತ. ಎಷ್ಟು ಸುಲಭ ಅಲ್ಲವೇ, ಚರ್ಮ ಎಂಬುದು ಎಷ್ಟು ತೆಳ್ಳಗಿನ ಸುಳ್ಳು.

"ರೀ, ಬೇಗ ಬನ್ನಿ. ಒಂಬತ್ತಕ್ಕೆ ಅವರೆಲ್ಲ ಬಂದ್ಬಿಡ್ತಾರೆ."

"ಎಷ್ಟು ಜನ ಅಂತೆ?"

"ಹೆಡ್ಮಿಸ್ಸು. ಇಲಾಖೆಯಿಂದ ಒಬ್ಬ ಆಫೀಸರು. ಆ ಹುಡುಗಿ, ಅವಳ ತಾಯಿ."

"ನಾಲ್ಕೇ ಜನನಾ? ಟಿಕೆಟ್ ಇಟ್ಟಿದ್ರೆ ಹಾಲ್ ತುಂಬೋದು ಬಿಡು."

ಅವಳು ನಗಲಿಲ್ಲ. ಅವನ ಬಿಳಿ ಅಂಗಿಯ ಕಾಲರಿಗೆ ಇಸ್ತ್ರಿ ಒತ್ತುತ್ತಿದ್ದಳು. ಹಬೆ ಬುಸ್ಸೆಂದು ಏಳುತ್ತಿತ್ತು. ಕಾಲರಿನ ತುದಿಯನ್ನು ಎಡಗೈ ಬೆರಳಿಂದ ಹಿಡಿದು, ಇಸ್ತ್ರಿ ಇನ್ನೇನು ಬೆರಳಿಗೆ ತಾಗಬೇಕು ಅನ್ನುವಾಗ ತೆಗೆದುಬಿಡುವುದು ಅವಳ ಅಭ್ಯಾಸ. ಅಷ್ಟು ಹತ್ತಿರ. ಅವನಿಗೆ ಅವಳ ಬೆರಳನ್ನು ನೋಡಲಾಗಲಿಲ್ಲ. ಅಡುಗೆಮನೆಗೆ ಹೋಗಿ ಅರೆಬೇಯಿಸಿಟ್ಟ ಮೊಟ್ಟೆಯನ್ನು ಕಟ್ಟೆಗೆ ಕುಟ್ಟಿದ. ಬೇಕಾದ್ದಕ್ಕಿಂತ ಜೋರಾಗಿ ಕುಟ್ಟಿದ. ಹಳದಿ ಕಟ್ಟೆಯ ತುಂಬ ಹರಡಿತು.

ಈ ದೇಶಕ್ಕೆ ಬಂದು ನಾಲ್ಕು ವರ್ಷವಾಗಿತ್ತು. ಕೆಲಸ ಸಿಕ್ಕಿದ್ದು ಹೆಂಡತಿಗೆ, ಒಂದು ಶಾಲೆಯಲ್ಲಿ ಲೆಕ್ಕ ಕಲಿಸುವ ಕೆಲಸ. ಗಣಿತದಲ್ಲಿ ಅವಳು ಓದದೆ ಉಳಿದದ್ದು ಏನೂ ಇರಲಿಲ್ಲ. ನಾಲ್ಕನೇ ಕ್ಲಾಸಿಗೇ ಶಾಲೆಯ ಗೋಡೆ ಹಾರಿದ ಅವನು ಅವಳ ಬಾಲಂಗೋಚಿಯಾಗಿ ವಿಮಾನ ಹತ್ತಿದ್ದ. ಅದೃಷ್ಟಕ್ಕೆ ಅದೇ ಶಾಲೆಯಲ್ಲಿ ಮರಗೆಲಸ ಕಲಿಸುವವರು ಬೇಕಾಗಿದ್ದರು. ಒಂದೇ ಕಾಗದದಲ್ಲಿ ಇಬ್ಬರ ಹೆಸರೂ ಬರೆದುಕೊಂಡರು: ಒಬ್ಬರು ಹೋದರೆ ಇಬ್ಬರೂ ಹೋದಂತೆ. ಈ ನಾಡಿನ ಭಾಷೆ ಅವನಿಗೆ ಒಂದು ಹಿಡಿ ಬರುತ್ತಿತ್ತು. ಉಳಿ, ಮೊಳೆ, ಅಂಟು, ನಿಲ್ಲಿಸು, ಓಡುತ್ತಿದೆ, ಕೈ ದೂರ. ಎಲ್ಲವೂ ಯಂತ್ರಗಳ ಮೇಲೆ ಬರೆದಿದ್ದ ಮಾತುಗಳು. ಮಿಕ್ಕಿದ್ದಕ್ಕೆಲ್ಲ ಅವಳೇ ನಾಲಿಗೆ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಮನೆ ಮಾಲೀಕನ ಹತ್ತಿರ ಅವನು ಕನ್ನಡದಲ್ಲಿ ಕೈಬೀಸಿ ಹೇಳುತ್ತಿದ್ದ, ಅವಳು ಪಕ್ಕದಲ್ಲಿ ನಿಂತು ಸಣ್ಣ ದನಿಯಲ್ಲಿ ಅದನ್ನು ಅವರ ಭಾಷೆಗೆ ಇಳಿಸುತ್ತಿದ್ದಳು. ಅವನ ಹತ್ತು ಮಾತಿಗೆ ಅವಳದು ಎರಡು. ಒಮ್ಮೊಮ್ಮೆ ಅವನಿಗೆ ಅನುಮಾನ ಬರುವುದಿತ್ತು, ಆ ಎಂಟು ಮಾತು ಎಲ್ಲಿಗೆ ಹೋದವು, ಇವಳು ಎಲ್ಲಿ ಗಂಟು ಕಟ್ಟಿ ಇಟ್ಟುಕೊಂಡಿದ್ದಾಳೆ ಎಂದು.

ಲಿಫ್ಟಿನಲ್ಲಿ ಇಬ್ಬರೂ ಬಾಗಿಲ ಕಡೆ ಮುಖ ಮಾಡಿ ನಿಂತರು. ಲೋಹದ ಬಾಗಿಲುಗಳು ಎರಡೂ ಕಡೆಯಿಂದ ಬಂದು ಕೂಡಿಕೊಂಡವು. ಅವುಗಳ ನಡುವೆ ಏನಾದರೂ ಸಿಕ್ಕಿದರೆ? ಹಗ್ಗ, ಚೀಲ, ಮಣಿಕಟ್ಟು. ಹನ್ನೊಂದು ದಿನದಿಂದ ಅವನ ಕಣ್ಣಿಗೆ ಲೋಕವೆಲ್ಲ ಬಾಯಿ ತೆರೆದ ಯಂತ್ರದ ಹಾಗೆ ಕಾಣುತ್ತಿತ್ತು. ಬಸ್ಸಿನ ಬಾಗಿಲು, ಕಾಗದ ಕತ್ತರಿಸುವ ಹಲಗೆ, ಎದುರಿಗೆ ಕೂತು ಸೇಬು ಕಚ್ಚುತ್ತಿದ್ದ ಮುದುಕನ ಕಟ್ಟಿಸಿಕೊಂಡ ಹಲ್ಲು. ಬಸ್ಸಿನಲ್ಲಿ ಅವಳ ಭುಜ ಅವನ ಭುಜಕ್ಕೆ ತಾಗಿತು. ಅವಳು ಸರಿಸಿಕೊಳ್ಳಲಿಲ್ಲ. ಸರಿಸಿಕೊಳ್ಳದೆ ಗಟ್ಟಿಯಾದಳು, ಅಷ್ಟೆ. ಬಿಸಿಲಿಗಿಟ್ಟ ಹಸಿ ಹಲಗೆ ಒಳಗೊಳಗೇ ಬಿಗಿದುಕೊಳ್ಳುವುದನ್ನು ಅವನು ಬೆರಳ ತುದಿಯಿಂದಲೇ ಗುರುತು ಹಿಡಿಯಬಲ್ಲ. ಹೆಂಡತಿಯ ಭುಜವನ್ನೂ.

"ಅವರು ಕೇಳೋದು ಒಂದೇ," ಅವಳು ಕಿಟಕಿ ನೋಡುತ್ತಲೇ ಅಂದಳು. "ಚಕ್ರ ತಿರುಗ್ತಿತ್ತಾ, ನಿಂತಿತ್ತಾ. ತಿರುಗ್ತಿದ್ರೆ ನೀವು ಅವಳ ಕೈ ಉಳಿಸಿದ್ರಿ. ನಿಂತಿದ್ರೆ ಮಗುನ ಹೊಡೆದ್ರಿ. ಪೊಲೀಸು, ಆಮೇಲೆ ತಿಂಗಳೊಳಗೆ ವಿಮಾನ. ಬೇರೆ ಏನೂ ಸೇರಿಸ್ಬೇಡಿ. ಗಾಳಿ, ಕೂದಲು, ಸಾಸಿವೆ ಕಾಳು ಏನೂ ಬೇಡ."

"ಸಾಸಿವೆ ಕಾಳಿಲ್ಲದೆ ಒಗ್ಗರಣೆ ಹೇಗೆ ಆಗುತ್ತೆ ಮಾರಾಯ್ತಿ?"

"ಅಯ್ಯೋ, ಸಾಕು ಮಾಡ್ರೀ."

ಜಿರಾಫೆ ಎಂದು ಅವನು ಕರೆಯುತ್ತಿದ್ದ ಆ ಹುಡುಗಿಗೆ ಹದಿನಾರು. ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ. ಅವನ ಕೈಕೆಳಗೆ ಕಲಿತವರಲ್ಲೆಲ್ಲ ಅವಳ ಕೈ ಚುರುಕು: ಒಂದು ಸಲ ಹೇಳಿದರೆ ಸಾಕು, ಮರ ಅವಳ ಮಾತು ಕೇಳುತ್ತಿತ್ತು. ಅವನ ಕಥೆಗಳಿಗೆ ಎಲ್ಲರಿಗಿಂತ ಮೊದಲು ನಗುತ್ತಿದ್ದವಳೂ ಅವಳೇ. ಒಂದು ಹಿಡಿ ಮಾತು, ಎರಡು ಕೈ, ಹುಬ್ಬು ಇಷ್ಟೇ ಬಂಡವಾಳ ಇಟ್ಟುಕೊಂಡು ಅವನು ಆ ಮಕ್ಕಳಿಗೆ ತನ್ನ ಗುರುವಿನ ಕಥೆ ಹೇಳುತ್ತಿದ್ದ. ಗುರು ಒಂದೇ ಏಟಿಗೆ ಮೂರು ಮೊಳೆ ಹೊಡೆದದ್ದು. ಗುರು ಅಡಿಕೋಲಿನಿಂದ ಶಿಷ್ಯನ ಬೆನ್ನ ಮೇಲೆ ಬಾರಿಸಿದಾಗ ಅಡಿಕೋಲೇ ಮುರಿದು, ಆಮೇಲೆ ಶಿಷ್ಯನ ಬೆನ್ನಿನ ಬಾಸುಂಡೆಯನ್ನೇ ಅಳತೆಗೆ ಬಳಸಿಕೊಂಡದ್ದು. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ಬಾಸುಂಡೆ ಸರಿಯಾಗಿ ಒಂದಡಿ ಇತ್ತು ಎಂಬುದೊಂದೇ ಅದರಲ್ಲಿ ಸುಳ್ಳು. ಮಿಕ್ಕಿದ್ದು ಅವನ ಬೆನ್ನಿಗೆ ಗೊತ್ತು. ಹನ್ನೆರಡು ವರ್ಷದವನಾಗಿ ಹೊಟ್ಟಿನ ರಾಶಿಯ ಮೇಲೆ ಬೋರಲು ಬಿದ್ದಾಗ ಬಾಯಿಗೆ ಹೊಕ್ಕ ಮರದ ಪುಡಿಯ ಕಹಿ ಈಗ ಬಸ್ಸಿನಲ್ಲಿ, ನಾಲಿಗೆಯ ಬುಡದಲ್ಲಿ ಎದ್ದು ಬಂತು. ಅವನು ನುಂಗಿದ.

ಅವತ್ತು ಜಿರಾಫೆ ಹಲಗೆ ಸೀಳಿ ಮುಗಿಸಿ ಹೆಬ್ಬೆರಳಿಂದ ಕೆಂಪು ಗುಂಡಿ ಒತ್ತಿದ್ದಳು. ಅವನು ನೋಡಿದ್ದ. ಹೊಟ್ಟು ಹೀರುವ ದೊಡ್ಡ ಯಂತ್ರ ಮಾತ್ರ ಮೂಲೆಯಲ್ಲಿ ಬೊಬ್ಬೆ ಹೊಡೆಯುತ್ತಲೇ ಇದ್ದುದರಿಂದ ಕೋಣೆಯಲ್ಲಿ ಯಾರಿಗೂ ಗರಗಸದ ಸದ್ದು ಅಡಗಿದ್ದು ತಿಳಿಯುವಂತಿರಲಿಲ್ಲ. ಚಕ್ರದ ಮೇಲೆ ತಗಡಿನ ಮುಚ್ಚಳ ಬೇರೆ. ಅವಳು ಕಾದಳು, ಹೇಳಿಕೊಟ್ಟ ಹಾಗೆ ಪೂರ್ತಿ ಕಾದಳು. ಆಮೇಲೆ ಮೇಜಿನ ಮೇಲಿನ ಹೊಟ್ಟು ಸರಿಸಲು ಕೈ ಚಾಚಿ, ಗೆಳತಿಯರ ಕಡೆ ತಿರುಗಿ, ಎದೆ ಉಬ್ಬಿಸಿ, ಅವನದೇ ದನಿಯಲ್ಲಿ, ಅವನದೇ ಮುರುಕು ಉಚ್ಚಾರದಲ್ಲಿ ಕೂಗಿದಳು: ಕೈ ದೂರ! ಕೈ ದೂರ! ತರಗತಿ ಘೊಳ್ಳೆಂದಿತು. ಅವನೂ ನಕ್ಕ. ನಕ್ಕದ್ದು ಅವನಿಗೆ ಚೆನ್ನಾಗಿ ನೆನಪಿದೆ. ಮುಖ ಇನ್ನೂ ನಗುತ್ತಿರುವಾಗಲೇ ಬಲಗೈ ಮೇಲೆದ್ದಿತ್ತು. ಕೊಡತಿ ಬಿದ್ದಾಗ ಒಣ ಕಡ್ಡಿ ಮುರಿದಂಥ ಸಣ್ಣ ಸದ್ದು, ಹೊಟ್ಟು ಹೀರುವ ಯಂತ್ರದ ಬೊಬ್ಬೆಯನ್ನೂ ದಾಟಿ, ಹಿಡಿಯ ಮೂಲಕ ಅವನ ಮೊಣಕೈವರೆಗೆ ಬಂತು. ಮುರಿದದ್ದು ಎರಡು ಬೆರಳು. ಕಿರುಚಿಕೊಳ್ಳುವ ಮೊದಲು ಅವಳು ಅವನ ಮುಖ ನೋಡಿದಳು. ಕಥೆಯ ಕೊನೆಗೆ ಏನಾಗುತ್ತದೆ ಎಂದು ಕಾಯುವವರ ಹಾಗೆ ನೋಡಿದಳು. ಆ ಕ್ಷಣದಲ್ಲಿ ಅವನ ಮೈಯಲ್ಲಿ ಹರಿದದ್ದು ಭಯವಲ್ಲ, ಮರುಕವಲ್ಲ. ಮೊಳೆ ನೆಟ್ಟಗೆ ಇಳಿದಾಗ ಆಗುವ ಹಾಯ್ ಎನ್ನಿಸುವಿಕೆ. ಅದನ್ನು ಯಾವ ಕಥೆಯಲ್ಲಿ ಸೇರಿಸುವುದು?

ಗೋಡೆಯ ಆಚೆ ಹೆಂಡತಿಯ ತರಗತಿ. ಗರಗಸದ ಕಿರುಚಾಟ ಮಾತ್ರ ಆ ಗೋಡೆಯನ್ನು ದಾಟುತ್ತಿತ್ತು, ಹೊಟ್ಟು ಹೀರುವ ಯಂತ್ರದ ಗುಂಯ್ ದಾಟುತ್ತಿರಲಿಲ್ಲ. ಅದಕ್ಕಾಗಿ ಅವಳೊಂದು ಪದ್ಧತಿ ಮಾಡಿಕೊಂಡಿದ್ದಳು: ಗರಗಸ ಓಡುವಾಗ ಸುಮ್ಮನೆ ಬೋರ್ಡಿನ ಮೇಲೆ ಬರೆಯುವುದು, ಅದು ಪೂರ್ತಿ ನಿಂತ ಮೇಲೆ ಬಾಯಿ ತೆರೆದು ಲೆಕ್ಕ ಓದುವುದು. ಅವತ್ತು ಸಂಜೆ ಮನೆಯಲ್ಲಿ ಬೂಟು ಬಿಚ್ಚುತ್ತ, ತಲೆಯೆತ್ತದೆ ಹೇಳಿದ್ದಳು, "ನಾನು ಒಂದು ಲೆಕ್ಕ ಪೂರ್ತಿ ಓದಿದ್ದೆ ಕಣ್ರೀ. ಎರಡು ರೈಲಿನ ಲೆಕ್ಕ, ಉದ್ದದ್ದು. ಅರ್ಥ ಆಯ್ತಾ ಅಂತನೂ ಕೇಳಿದ್ದೆ. ಆಮೇಲೆ ಆ ಹುಡುಗಿ ಕೂಗಿಕೊಂಡಿದ್ದು." ಅಷ್ಟೇ. ಆಮೇಲೆ ಎದ್ದು ಹೋಗಿ ಕುಕ್ಕರ್ ಇಟ್ಟಳು. ಮರುದಿನ ಶಾಲೆಯ ಮೊಗಸಾಲೆಯಲ್ಲಿ ಅವನು ಹತ್ತು ಜನ ಮೇಷ್ಟರುಗಳ ನಡುವೆ ಕೈಬೀಸಿ ಕಥೆ ಹೇಳಿದಾಗ, ಪಕ್ಕದಲ್ಲಿ ನಿಂತು ಸಣ್ಣ ದನಿಯಲ್ಲಿ ಎಲ್ಲವನ್ನೂ ಇಳಿಸಿದವಳು ಅವಳೇ. ಡ್ರಿಲ್ ಮೇಷ್ಟ್ರು ಅವನ ಬೆನ್ನು ತಟ್ಟಿದ್ದ. ಗ್ರಂಥಾಲಯದವಳು ಕಣ್ಣೊರೆಸಿಕೊಂಡಿದ್ದಳು.

ಅಂಥ ಸಣ್ಣ ದನಿ ಅವಳಲ್ಲಿ ಮೊದಲಿನಿಂದಲೂ ಇತ್ತು. ಮದುವೆಯಾದ ಎರಡನೇ ವರ್ಷ ಅವಳ ಅಣ್ಣ ಮನೆಗೆ ಬಂದು, ಏನೇ ಇದು ಕಿವಿ ಹಿಂದೆ, ಎಂದು ಕೇಳಿದಾಗ ಇದೇ ದನಿಯಲ್ಲಿ ಅವಳು, ಬೀರು ಬಾಗಿಲು ತಗುಲಿತು ಅಣ್ಣ, ನನ್ನದೇ ತಪ್ಪು, ನೋಡಿಕೊಳ್ಳಲಿಲ್ಲ ಎಂದಿದ್ದಳು. ಅಣ್ಣ ಅವನ ಕಡೆ ತಿರುಗಿ, "ಏನ್ ಭಾವ, ಬಡಗಿ ಮನೇಲೇ ಬೀರು ಸರಿ ಇಲ್ವಾ?" ಎಂದು ನಕ್ಕ. ಅಣ್ಣ ಹೋದ ಮೇಲೆ ಅವನು ಉಪ್ಪುಕಾಗದ ತಂದು ಬೀರು ಬಾಗಿಲಿನ ಮೂಲೆಯನ್ನು ಉಜ್ಜಿ ಉಜ್ಜಿ ದುಂಡಗೆ ಮಾಡಿದ. ಯಾರಿಗೂ ತಗುಲಬಾರದು ನೋಡು ಎಂದ. ನಿಜವಾಗಿಯೂ ಮನಸ್ಸಿನಿಂದ ಹೇಳಿದ. ಅವಳು ಬಾಗಿಲಲ್ಲಿ ನಿಂತು ಅವನು ಉಜ್ಜುವುದನ್ನೇ ನೋಡಿದಳು. ಈ ದೇಶಕ್ಕೆ ಬಂದ ಮೇಲೆ ಎರಡೇ ಸಲ. ಎರಡೇ ಎಂದು ಅವನು ಎಣಿಸಿಟ್ಟುಕೊಂಡಿದ್ದ, ಬಹುಮಾನ ಸಿಗುತ್ತದೇನೋ ಅನ್ನುವವನ ಹಾಗೆ. ತುಟಿ ಊದಿಸಿಕೊಂಡು ಅವಳು ಶಾಲೆಗೆ ಹೋದ ದಿನ ಸಂಜೆ ಅವನು ಕೇಳಿದ್ದ, ಏನಂದೆ ಅವರಿಗೆ? ಬಸ್ಸಿನ ಕಂಬಿ ಅಂದೆ, ಎಂದಿದ್ದಳು. ಬಸ್ಸಿನ ಕಂಬಿಯನ್ನು ಉಜ್ಜಲು ಬರುವುದಿಲ್ಲ.

ಮರಗೆಲಸದ ಕೋಣೆಯಲ್ಲಿ ಆರು ಕುರ್ಚಿ ಹಾಕಿದ್ದರು. ಗರಗಸದ ಮೇಜಿಗೆ ಯಾರೋ ಬಿಳಿ ಬಟ್ಟೆ ಹೊದಿಸಿದ್ದರು, ಹೆಣಕ್ಕೆ ಹೊದಿಸುವ ಹಾಗೆ. ಹೆಡ್ಮಿಸ್ಸು ಅದನ್ನು ಎಳೆದು ಮಡಿಸಿ ಪಕ್ಕಕ್ಕಿಟ್ಟಳು. ಇಲಾಖೆಯ ಆಫೀಸರು ಚಿಕ್ಕ ವಯಸ್ಸಿನವನು, ಕನ್ನಡಕ, ತೊಡೆಯ ಮೇಲೆ ಬರೆಯುವ ಪ್ಯಾಡು. ಜಿರಾಫೆ ತಾಯಿಯ ಪಕ್ಕ ಕುಳಿತಿದ್ದಳು. ಎತ್ತರವೆಲ್ಲ ಎಲ್ಲೋ ಮಡಿಸಿ ಇಟ್ಟಂತಿತ್ತು. ಬಲಗೈಗೆ ಮೊಣಕೈವರೆಗೆ ಬಿಳಿ ಪಟ್ಟಿ, ಅದರ ಮೇಲೆ ಗೆಳತಿಯರು ಹೂವು ಬೆಕ್ಕು ಏನೇನೋ ಬರೆದಿದ್ದರು. ಅವನನ್ನು ಕಂಡದ್ದೇ ಅವಳು ಎದ್ದು ನಿಂತಳು. ತಾಯಿಯೂ ಎದ್ದಳು. ತಾಯಿ ಅವನ ಎರಡೂ ಕೈ ಹಿಡಿದುಕೊಂಡು ಏನೋ ಹೇಳಿ ಹಣೆಗೆ ಒತ್ತಿಕೊಂಡಳು. ಆ ಹೆಂಗಸಿನ ಹಣೆ ಬೆಚ್ಚಗಿತ್ತು. ತನ್ನ ಬಲಗೈ ಅಲ್ಲಿ, ಆ ಹಣೆಯ ಮೇಲೆ, ಒಂದು ಸತ್ತ ಪ್ರಾಣಿಯ ಹಾಗೆ ಇರುವುದನ್ನು ಅವನು ನೋಡಿದ.

"ನೀವಿಲ್ದಿದ್ರೆ ನನ್ನ ಮಗಳಿಗೆ ಕೈಯೇ ಇರ್ತಿರಲಿಲ್ಲ ಅಂತಿದಾರೆ," ಹೆಂಡತಿ ಸಣ್ಣ ದನಿಯಲ್ಲಿ ಅಂದಳು.

ಹುಡುಗಿ ತಲೆ ತಗ್ಗಿಸಿ ಮೆಲ್ಲಗೆ ಮಾತಾಡಿದಳು. ನಡುನಡುವೆ ನಿಂತು, ಎಡಗೈ ಹೆಬ್ಬೆರಳಿನಿಂದ ಗಾಳಿಯಲ್ಲಿ ಏನನ್ನೋ ಒತ್ತಿ ನೋಡಿದಳು, ಮತ್ತೆ ಒತ್ತಿ ನೋಡಿದಳು. ತನ್ನ ಬೆರಳನ್ನೇ ನಂಬಲಾಗದವಳ ಹಾಗೆ.

"ಏನಂತೆ?"

"ತಾನು ಗುಂಡಿ ಒತ್ತಿದ ಹಾಗೆ ನೆನಪು ಅಂತೆ. ಆದ್ರೆ ಎಲ್ರೂ ಓಡ್ತಿತ್ತು ಅಂತಾರಲ್ಲ, ಹಾಗಾದ್ರೆ ತನಗೇ ತಪ್ಪು ನೆನಪಿರಬೇಕು ಅಂತಿದಾಳೆ. ನಿಮ್ಮನ್ನ ಅಣಕಿಸಬಾರದಿತ್ತಂತೆ." ಹೆಂಡತಿಯ ಮುಖದಲ್ಲಿ ಏನೂ ಇರಲಿಲ್ಲ. "ನನ್ನದೇ ತಪ್ಪು, ನೋಡ್ಕೊಳ್ಳಲಿಲ್ಲ ಅಂತಿದಾಳೆ."

ಅವನ ಕಿವಿಯಲ್ಲಿ ಗರಗಸ ಶುರುವಾಯಿತು. ಈ ಮಾತು ಹುಡುಗಿ ಆಡಿದ್ದೋ, ಇವಳೇ ಸೇರಿಸಿದ್ದೋ? ಹತ್ತಕ್ಕೆ ಎರಡು ಹೇಳುವವಳು ಇವತ್ತು ಎರಡಕ್ಕೆ ಮೂರು ಹೇಳಿದಳೇ? ಕೇಳುವಂತಿರಲಿಲ್ಲ. ಹುಡುಗಿಯ ಹೆಬ್ಬೆರಳು ಇನ್ನೂ ಗಾಳಿಯನ್ನು ಒತ್ತುತ್ತಿತ್ತು. ಹೊಡೆದದ್ದು ಬೆರಳಿಗೆ, ಮುರಿದದ್ದು ಮಾತ್ರ ಬೇರೆ ಏನೋ. ಅದನ್ನು ಅವನು ಆಮೇಲೆ ಹನ್ನೊಂದು ದಿನ, ದಿನಕ್ಕೊಂದು ಏಟಿನಂತೆ, ನಗುನಗುತ್ತ, ಬೆನ್ನು ತಟ್ಟಿಸಿಕೊಳ್ಳುತ್ತ ಮುರಿದಿದ್ದ. ಆಫೀಸರು ಪ್ರಶ್ನೆ ಕೇಳಿದ. ಅದರಲ್ಲಿದ್ದ ಒಂದು ಮಾತು ಅವನಿಗೂ ಗೊತ್ತಿತ್ತು, ಹಸಿರು ಗುಂಡಿಯ ಕೆಳಗೆ ಬರೆದಿದ್ದ ಮಾತು. ಬಾಯಿ ತೆರೆದಾಗ ಸಾಸಿವೆ ಕಾಳು, ಹಾರುವ ಕೂದಲು, ನಾಲ್ಕು ಸಾವಿರ ಸುತ್ತು ಎಲ್ಲ ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಂತಿದ್ದವು. ಅವುಗಳನ್ನು ದಾಟಿ ಬಂದದ್ದು ಬೇರೆಯೇ.

"ನಿಂತಿತ್ತು," ಅವನು ಅಂದ. "ಹೇಳು ಅವರಿಗೆ. ಅವಳು ಗುಂಡಿ ಒತ್ತಿದ್ಲು. ನಿಂತಿತ್ತು. ನಾನು ಸಿಟ್ಟಿಗೆ ಹೊಡೆದೆ."

ಅವಳು ಆಫೀಸರ ಕಡೆ ತಿರುಗಿ ಎರಡು ಮಾತು ಹೇಳಿದಳು. ಅದರಲ್ಲೊಂದು ಹಸಿರು ಗುಂಡಿಯ ಮಾತು. ಓಡುತ್ತಿತ್ತು. ಆಫೀಸರು ತಲೆಯಾಡಿಸಿ ಬರೆದುಕೊಂಡ. ತಾಯಿ ನಿಟ್ಟುಸಿರು ಬಿಟ್ಟಳು.

"ಏ, ನಾನು ಹೇಳಿದ್ದು ಅದಲ್ಲ."

"ಗೊತ್ತು." ಅವಳ ಮುಖ ಅವರೆಲ್ಲರಿಗಾಗಿ ನಗುತ್ತಿತ್ತು, ದನಿ ಮಾತ್ರ ಅವನಿಗೆ. "ಬಾಯಿ ಮುಚ್ಕೊಂಡು ಕೂತ್ಕೊಳ್ಳಿ. ನಿಮಗೆ ಸುಳ್ಳು ಬೇಕು ಅಂದಾಗ ನಾನು ಸುಳ್ಳು ಹೊರಬೇಕು, ಇವತ್ತು ನಿಜ ಹೇಳೋ ಚಪಲ ಬಂತು ಅಂತ ನಿಜ ಹೊರಬೇಕಾ? ನನ್ನ ಕೆಲಸನೂ ಅದೇ ಕಾಗದದಲ್ಲಿದೆ."

ಅವನು ಎದ್ದ. ಮಾತು ಬೇಡ, ಕೈ ಇದೆಯಲ್ಲ. ಹಸಿರು ಗುಂಡಿ ಒತ್ತಿದ. ಚಕ್ರ ಎದ್ದು ಕಿರುಚಿತು. ಹೆಡ್ಮಿಸ್ಸು ಕುರ್ಚಿಯಿಂದ ಅರ್ಧ ಎದ್ದಳು. ಅವನು ಹುಡುಗಿಯ ಕಡೆ ಬೊಟ್ಟು ಮಾಡಿ, ಹೆಬ್ಬೆರಳು ಎತ್ತಿ ಎಲ್ಲರಿಗೂ ತೋರಿಸಿ, ಕೆಂಪು ಗುಂಡಿ ಒತ್ತಿದ. ಸದ್ದು ಇಳಿಯುತ್ತ ಬಂತು. ನರಳಾಟ, ಆಮೇಲೆ ಗುಸುಗುಸು, ಆಮೇಲೆ ಏನೂ ಇಲ್ಲ. ಮುಚ್ಚಳ ಎತ್ತಿ ನಿಂತ ಹಲ್ಲುಗಳನ್ನು ತೋರಿಸಿದ. ಒಂದು ಲೆಕ್ಕ ಓದುವಷ್ಟು ಹೊತ್ತು ಸುಮ್ಮನೆ ನಿಂತ, ಎರಡು ರೈಲಿನ ಉದ್ದದ ಲೆಕ್ಕ. ಎಡಗೈಯನ್ನು ಮೇಜಿನ ಮೇಲೆ, ಹೊಟ್ಟು ಸರಿಸುವವರ ಹಾಗೆ ಹರಡಿದ. ಬಲಗೈಗೆ ಕೊಡತಿ ತಾನಾಗಿ ಸಿಕ್ಕಿತು. ಹೊಡೆದ. ಒಣ ಕಡ್ಡಿ ಮುರಿದಂಥ ಸದ್ದು ಈ ಸಲ ಎರಡೂ ಕಡೆಯಿಂದ ಬಂತು. ಮತ್ತೊಮ್ಮೆ ಹೊಡೆದ. ಉಗುರು ಒಡೆದು, ಬಿಳಿ ಬಟ್ಟೆಯ ಮಡಿಕೆಯ ಮೇಲೆ ರಕ್ತ ಚಿಮ್ಮಿತು. ತಾಯಿ ಕಿರುಚಿ ಮಗಳನ್ನು ಎದೆಗೆ ಎಳೆದುಕೊಂಡಳು. ಆಫೀಸರ ಪೆನ್ನು ಕೆಳಗೆ ಬಿತ್ತು. ಮೂರನೆಯ ಸಲ ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಬೆಚ್ಚದೆ ಕುಳಿತವಳು ಹೆಂಡತಿಯೊಬ್ಬಳೇ. ಕೊಡತಿ ಮೇಲೆದ್ದಾಗ ಎಲ್ಲಿ ಬೀಳುತ್ತದೆ ಎಂದು ಅಂದಾಜು ಮಾಡಿ ಪಳಗಿದವರ ಕಣ್ಣು ಅವಳದು. ಈ ಸಲ ಅದು ತನ್ನ ಕಡೆ ಬರುತ್ತಿಲ್ಲ ಎಂದು ಅವಳಿಗೆ ಮೊದಲೇ ತಿಳಿದಿತ್ತು.

"ಆಯ್ತಾ ನಿಮ್ಮ ಆಟ?" ಅಂದಳು. "ಇಡಿ ಕೆಳಗೆ. ಇದೂ ಒಂದು ಕಥೆನೇ ನಿಮ್ದು. ಎಲ್ರೂ ಈಗ ನಿಮ್ಮ ಕೈನೇ ನೋಡ್ತಿದಾರೆ, ಆ ಮಗು ಕೈ ಯಾರು ನೋಡ್ತಿದಾರೆ?"

ಅವನು ಇಟ್ಟ. ನೋವು ಈಗ ಬಂತು, ಭುಜದವರೆಗೂ, ಬಿಳಿಯಾಗಿ. ಹೆಡ್ಮಿಸ್ಸು ಓಡಿಬಂದು ಅವನ ಕೈಗೆ ಬಟ್ಟೆ ಸುತ್ತುತ್ತ ಏನೋ ಕೇಳಿದಳು, ಒಂದೇ ಒಂದು ಮಾತು.

"ಯಾಕೆ ಅಂತ ಕೇಳ್ತಿದಾರೆ," ಹೆಂಡತಿ ಇಳಿಸಿದಳು.

ಎಲ್ಲದಕ್ಕೂ ಒಂದು ಕಥೆ ಇದ್ದವನ ಬಾಯಲ್ಲಿ ಮರದ ಪುಡಿ ತುಂಬಿಕೊಂಡಿತ್ತು. ಅವಳು ಕಾದಳು, ಹೇಳಿಕೊಟ್ಟ ಹಾಗೆ ಪೂರ್ತಿ ಕಾದಳು. ಆಮೇಲೆ ಅವನಿಗೆ ಬೆನ್ನು ಹಾಕಿ ಕುರ್ಚಿಯನ್ನು ಹುಡುಗಿಯ ಕಡೆಗೆ ಎಳೆದುಕೊಂಡು, ಅವರ ಭಾಷೆಯಲ್ಲಿ ಮಾತಾಡತೊಡಗಿದಳು. ಮೊದಲು ಹುಡುಗಿಯ ಹೆಬ್ಬೆರಳನ್ನು ಹಿಡಿದು ಕೆಂಪು ಗುಂಡಿಯ ಕಡೆ ತೋರಿಸಿ ಒಂದು ಮಾತು ಹೇಳಿದಳು. ಹುಡುಗಿ ಬಿಕ್ಕಿದಳು, ಅವಳ ಬೆನ್ನು ಮಡಿಕೆ ಬಿಚ್ಚಿ ನೆಟ್ಟಗಾಯಿತು. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಎರಡು ಮಾತಲ್ಲ, ಹತ್ತಲ್ಲ, ಎಷ್ಟೋ ವರ್ಷ ಗಂಟು ಕಟ್ಟಿಟ್ಟದ್ದೆಲ್ಲ ಬಿಚ್ಚಿಕೊಂಡು ಬರುತ್ತಿತ್ತು. ದನಿಯೂ ಸಣ್ಣದಾಗಿರಲಿಲ್ಲ. ಇದು ಅವಳ ದನಿ ಎಂದೇ ಅವನಿಗೆ ತಿಳಿಯಲಿಲ್ಲ. ಅವನ ಕೈಗೆ ಬಟ್ಟೆ ಸುತ್ತುತ್ತಿದ್ದ ಹೆಡ್ಮಿಸ್ಸಿನ ಬೆರಳುಗಳು ನಿಧಾನವಾದವು, ನಿಂತವು, ಆಮೇಲೆ ಅವನನ್ನು ಬಿಟ್ಟವು.

"ಏ," ಅವನು ಕರೆದ. "ಏನ್ ಹೇಳ್ತಿದೀಯ ಅವರಿಗೆ? ಇದು ನಾನು ಹೇಳಿದ್ದಲ್ಲ... ಏನೇ ಅದು?"

ಅವಳು ತಿರುಗಲಿಲ್ಲ. ಮಾತಿನ ನಡುವೆ ಕತ್ತು ಓರೆ ಮಾಡಿ, ಕಿವಿಯ ಹಿಂದಿನ ಕೂದಲನ್ನು ಮೇಲೆತ್ತಿ ಹಿಡಿದು ಹಳೆಯ ಗಾಯದ ಕಲೆ ತೋರಿಸಿದಳು. ಆಫೀಸರು ಬಗ್ಗಿ ಪೆನ್ನು ಎತ್ತಿಕೊಂಡ, ಬರೆದಿದ್ದ ಹಾಳೆಯನ್ನು ತಿರುವಿ ಹಾಕಿದ, ಹೊಸ ಹಾಳೆಯ ಮೇಲೆ ಬರೆಯತೊಡಗಿದ. ಅವನು ಮೇಜಿಗೆ ಒರಗಿ, ರಕ್ತ ತೊಟ್ಟಿಕ್ಕುವ ಕೈಯನ್ನು ಎದೆಗೆ ಒತ್ತಿಕೊಂಡು, ಅರ್ಥವಾಗದ ಆ ಮಾತನ್ನು ಕೊನೆಯವರೆಗೂ ನಿಂತು ಕೇಳಿದ.